ಹೂ ಬಿಡದ ಮರದ ತೊಟ್ಟಿಲು

ನಮ್ಮ ಅತ್ತೆ ಶಂಕ್ರೆವ್ವನಿಗೆ ಹೆತ್ತ ಇಬ್ಬರು ಗಂಡುಮಕ್ಕಳಿಗಿಂತ ಅಟ್ಟದ ಮೇಲಿನ ತೊಟ್ಟಿಲಿನ ಮೇಲೆ ಹೆಮ್ಮೆ ಜಾಸ್ತಿ. ಮಕ್ಕಳನ್ನು ಬೈಯುತ್ತಾರೆ, ತೊಟ್ಟಿಲನ್ನು ಎಂದೂ ಬೈದಿಲ್ಲ. ಹಳಿಯಾಳದ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೊಸ ತೊಟ್ಟಿಲು ಬರಲಿ, ಹೋಗಿ ಒಮ್ಮೆ ತಟ್ಟಿ ನೋಡಿ, "ಇದೇನ ಪ್ಲೈವುಡ್ಡೇನು?" ಎಂದು ಕೇಳಿ, ನಮ್ಮದು ಅಪ್ಪಟ ದಾಂಡೇಲಿ ಸಾಗವಾನಿ ಎಂದು ಹೇಳಿದ ಮೇಲೆಯೇ ಅವರ ಮನೆಯ ಚಹಾ ಕುಡಿಯುವುದು.

ಆ ತೊಟ್ಟಿಲು ಮಾಡಿಸಿದವರು ನಮ್ಮ ಮಾವ. ನಾನು ಸೊಸೆಯಾಗಿ ಬರುವ ಮೊದಲೇ ಅವರು ತೀರಿಕೊಂಡಿದ್ದರು. ಸೂಪಾದಲ್ಲಿ ಆಣೆಕಟ್ಟು ಕಟ್ಟುವಾಗ ಅಲ್ಲಿಯ ಕೆಲಸಗಾರರ ಬಿಡಾರಗಳಿಗೆ ಅಕ್ಕಿ, ಬೇಳೆ ಸಾಗಿಸುವ ವ್ಯಾಪಾರ ಅವರದು. ನನ್ನ ಗಂಡ ಈರೇಶ ಹೊಟ್ಟೆಯಲ್ಲಿದ್ದಾಗ ಅತ್ತೆ ಹಟ ಹಿಡಿದರಂತೆ. ತೊಟ್ಟಿಲು ಹೂ ಬಿಟ್ಟು ಕಾಯಿ ಕಟ್ಟುವ ಮರದ್ದೇ ಆಗಬೇಕು, ಅದರಲ್ಲೂ ಸಾಗವಾನಿಯದೇ ಆಗಬೇಕು. ಅಂಥ ಮರದಲ್ಲಿ ಮಲಗಿದ ಕೂಸಿನಿಂದ ವಂಶ ಹಬ್ಬುತ್ತದೆ ಎನ್ನುವುದು ಅವರ ತವರಿನ ನಂಬಿಕೆ. ಮಾವ ಮಾಡಿಸಿ ತಂದರು. ಹಸಿರು ಬಣ್ಣದ ಮೈ, ಕೆಂಪು ಬಣ್ಣದ ಕಡ್ಡಿಗಳು. ಮೊದಲು ನನ್ನ ಗಂಡ ಮಲಗಿದ, ಆಮೇಲೆ ಮೈದುನ ರುದ್ರೇಶ, ಎಷ್ಟೋ ವರ್ಷಗಳ ನಂತರ ನನ್ನ ಇಬ್ಬರು ಹುಡುಗರು. ಮನೆಯ ಮೊದಲ ಹೆಣ್ಣುಕೂಸಿಗೆಂದು ಅತ್ತೆಯ ಅತ್ತೆ ಶಾಂತಾದೇವಿಯ ಹೆಸರು ಬೇರೆ ಕಾದು ಕೂತಿತ್ತು. ನನಗೆ ಎರಡೂ ಗಂಡಾದವು, ಹೆಸರು ಹಾಗೆಯೇ ಉಳಿಯಿತು.

"ಸಾಗವಾನಿ ತೊಟ್ಲ ಒಂದ ಕೈಲೆ ಎತ್ತತಿದ್ದೆ ನಾನು, ಬಾಣಂತಿ ಇದ್ದಾಗ," ಎಂದು ಅತ್ತೆ ನಮಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. "ನೀವು ಈಗಿನಾಕಿಗೋಳು, ಗ್ಯಾಸಿನ ಸಿಲಿಂಡರ್ ಉಳ್ಳಸಾಕ ಗಂಡನ್ನ ಕರೀತೀರಿ."

ಕೇಳಿ ಕೇಳಿ ನನಗೆ ಅವರ ರಟ್ಟೆಯ ಮೇಲೆ ಭಯಭಕ್ತಿ ಹುಟ್ಟಿತ್ತು.

ರುದ್ರೇಶನ ಹೆಂಡತಿ ನಿರ್ಮಲಾ ಜೊಯಿಡಾದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತಾಳೆ, ಸಂಜೆ ಬಸ್ಸು ಬಂದರೆ ಬರುತ್ತಾಳೆ. ನನ್ನ ಹಾಗೆ ಬಾಯಿ ಮಾಡುವವಳಲ್ಲ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಆಸ್ಪತ್ರೆಗೆ ಅಲೆದು ಅಲೆದು ಸೊರಗಿದಳು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಗಟ್ಟಿ ಮನಸ್ಸು ಮಾಡಿ ಕಾನೂನು ಪ್ರಕಾರ ಒಂದು ಹೆಣ್ಣುಕೂಸನ್ನು ದತ್ತು ತಂದರು. ಆ ದಿನ ಬಾಗಿಲಲ್ಲಿ ಕೂಸನ್ನು ಮೊದಲು ಎತ್ತಿಕೊಂಡವಳು ನಾನೇ. ನನ್ನ ಹೊಸ ಸೀರೆಯ ಮೇಲೆ ಉಚ್ಚೆ ಹೊಯ್ದು ನನ್ನ ಮುಖ ನೋಡಿ ನಕ್ಕಿತು. ಈ ಹುಡುಗಿ ನಮ್ಮ ಮನೆಗೇ ಸರಿ ಎಂದು ನನಗೆ ಆಗಲೇ ಅನ್ನಿಸಿತು.

ಅತ್ತೆ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಕೂಸಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದರು, ದೃಷ್ಟಿ ತೆಗೆಯುತ್ತಿದ್ದರು. ಆದರೆ ತೊಟ್ಟಿಲಿಗೆ ಹಾಕಿ ಹೆಸರಿಡುವ ಮಾತು ಬಂದಾಗ ಮುಖ ಬಿಗಿದುಕೊಂಡರು.

"ಕಾರ್ಯ ಮಾಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಖರೆ ಅಟ್ಟದ ಮ್ಯಾಲಿನ ತೊಟ್ಲ ಇಳಸಬ್ಯಾಡ್ರಿ. ಅದು ಈ ಮನ್ಯಾಗ ಹುಟ್ಟಿದ ಮಕ್ಕಳಿಗೆ. ಹೆಸರೂ ನಿಮಗ ತಿಳದದ್ದ ಇಟ್ಕೋರಿ."

ರುದ್ರೇಶ ತಾಯಿಯ ಎದುರು ಮಾತಾಡುವವನಲ್ಲ. ದಾಂಡೇಲಿಯಿಂದ ಬಾಡಿಗೆಯ ಸ್ಟೀಲ್ ತೊಟ್ಟಿಲು ಹೇಳಿ ಬಂದ. ಬಲೂನು, ಬಣ್ಣದ ದೀಪ ಎಲ್ಲ ಅವರೇ ಕಟ್ಟಿಕೊಡುತ್ತಾರಂತೆ. ನಿರ್ಮಲಾ ರೊಟ್ಟಿ ಬಡಿಯುತ್ತ ಕೂತ ನನ್ನ ಹತ್ತಿರ ಬಂದು ಕೂತಳು.

"ಅಕ್ಕಾ, ಬಾಡಗಿ ತೊಟ್ಲದಾಗ ಮಲಗಿದ್ರ ಈಕಿ ಈ ಮನ್ಯಾಗ ಬಾಡಗಿಯಾಕಿ ಆಗೇ ಉಳೀತಾಳ. ದೊಡ್ಡಾಕಿ ಆದ ಮ್ಯಾಲೆ ಫೋಟೋ ನೋಡಿ ಕೇಳ್ತಾಳ, ಅಣ್ಣಗೋಳು ಆ ತೊಟ್ಲದಾಗ ಅದಾರ, ನಾ ಯಾಕ ಇದರಾಗ ಅಂತ. ನಾ ಏನ ಹೇಳ್ಲಿ?"

ನನ್ನ ಕಣ್ಣಲ್ಲಿ ನೀರು ಬಂತು. ನೀರು ಬಂದರೆ ನನಗೆ ಹಿಂದೆಯೇ ಸಿಟ್ಟೂ ಬರುತ್ತದೆ. "ನಡಿ, ತೊಟ್ಲ ಇಳಸೂಣು. ತೊಳದು ಒರಸಿ ಇಡೂಣು. ಆಮ್ಯಾಲಿಂದ ಆಮ್ಯಾಲೆ," ಎಂದೆ.

ಕಾರ್ಯದ ಹಿಂದಿನ ದಿನ ಅತ್ತೆ ಮಠಕ್ಕೆ ಹೋದ ಹೊತ್ತು ನೋಡಿ ನಾನು ಏಣಿ ಹತ್ತಿದೆ. ಸೆರಗು ಬಿಗಿದು, ಹಲ್ಲು ಕಚ್ಚಿ, ಸಾಗವಾನಿಯ ಭಾರಕ್ಕೆ ತಯಾರಾಗಿ ತೊಟ್ಟಿಲನ್ನು ಎತ್ತಿದೆ. ಅದು ಹತ್ತಿಯ ದಿಂಬಿನ ಹಾಗೆ ಎದ್ದು ಬಂತು. ನಾನು ಹಾಕಿದ ಬಲಕ್ಕೆ ಹಿಂದೆ ವಾಲಿ ಏಣಿಯಿಂದ ಬೀಳುವವಳು ಗೋಡೆ ಹಿಡಿದು ಉಳಿದುಕೊಂಡೆ. ಆ ಗಡಿಬಿಡಿಯಲ್ಲಿ ತೊಟ್ಟಿಲು ತೊಲೆಗೆ ತಗುಲಿ ಒಂದು ಕಡ್ಡಿ ಲಟಕ್ಕನೆ ಮುರಿಯಿತು.

"ಸತ್ತೆ ನಾ," ಎಂದೆ.

ನಿರ್ಮಲಾ ಮುರಿದ ಕಡ್ಡಿಯನ್ನು ಹೆಕ್ಕಿಕೊಂಡಳು. ಒಳಗಿನ ಮರ ತೆಳು ಹಳದಿ, ಹೆಚ್ಚೂಕಡಿಮೆ ಬಿಳಿ. ಅವಳು ಮೂಸಿ ನೋಡಿದಳು. ಅಡುಗೆಮನೆಯ ಚಾಕುವಿನಿಂದ ಅದರ ತುದಿಯನ್ನು ನಯವಾಗಿ ಕೊಯ್ದು, ಕಿಟಕಿಯ ಬೆಳಕಿಗೆ ಹಿಡಿದು, ಮೊಬೈಲಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದಳು. ಇನ್ನೊಂದು ತುದಿಯನ್ನೂ ಕೊಯ್ದು ಹಾಗೆಯೇ ನೋಡಿದಳು.

"ಏನಾತ?"

"ಅಕ್ಕಾ, ಇದು ಸಾಗವಾನಿ ಅಲ್ಲ. ಪೈನ್ ಮರ ಇದು."

"ಅಂದ್ರ, ಕಾರವಾರದ ಸಮುದ್ರದ ದಂಡಿ ಮ್ಯಾಲೆ ಇರ್ತಾವಲ್ಲ, ಆ ಗಾಳಿಮರ?"

"ಅಲ್ಲ ಅಕ್ಕಾ. ಗಾಳಿಮರ ನೋಡಾಕ ಅಷ್ಟ ಹಂಗ ಕಾಣತೈತಿ, ಅದು ಹೂ ಬಿಡೋ ಜಾತಿ. ಇದು ಬ್ಯಾರೆ. ಥಂಡಿ ದೇಶದಾಗ, ಹಿಮಾಲಯದ ಕಡೆ ಬೆಳಿಯೂ ಸೂಜಿ ಎಲಿ ಮರ." ಅವಳ ದನಿ ಕಾಲೇಜಿನ ದನಿಯಾಯಿತು. "ಹೂ ಬಿಡೋ ಮರದಾಗ ಬೇರಿನಿಂದ ತುದಿಗೆ ನೀರ ಏರಾಕ ಸಣ್ಣ ಸಣ್ಣ ಕೊಳವಿ ಇರ್ತಾವ. ಅಡ್ಡ ಕೊಯ್ದ್ರ ಸೂಜಿ ಚುಚ್ಚಿದಂಗ ತೂತ ಕಾಣತಾವ. ಸಾಗವಾನಿಯೊಳಗಂತೂ ಬರೇ ಕಣ್ಣಿಗೇ ಕಾಣತಾವ. ಇದರಾಗ ನೋಡ್ರಿ, ಒಂದೂ ಇಲ್ಲ. ಪೈನಿಗೆ ಆ ಕೊಳವಿ ಇರೂದಿಲ್ಲ. ನೀರು ಒಂದು ಕೋಶದಿಂದ ಇನ್ನೊಂದಕ್ಕ ಸೋಸಿಕೋತ, ದಾಟಿಕೋತ ಮ್ಯಾಲೆ ಹೋಗತೈತಿ."

"ಕೊಳವಿ ಹಾಳಾಗಿ ಹೋಗಲಿ. ಹೂವು?"

"ಹೂವೂ ಇಲ್ಲ, ಕಾಯೂ ಇಲ್ಲ."

ನಾನು ನೆಲದ ಮೇಲೆ ಕೂತುಬಿಟ್ಟೆ. ಹೂವಿಲ್ಲದ, ಕಾಯಿಲ್ಲದ ಮರದಲ್ಲಿ ನಮ್ಮ ಮನೆಯ ವಂಶೋದ್ಧಾರಕರೆಲ್ಲ ಕಾಲು ಬಡಿದು ಬೆಳೆದಿದ್ದಾರೆ! ನಗು ಉಕ್ಕಿ ಬಂತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ನಿರ್ಮಲಾ ಮಾತ್ರ ನಗಲಿಲ್ಲ.

"ಅತ್ತಿ ಮುಂದ ಹೇಳಬ್ಯಾಡ್ರಿ ಅಕ್ಕಾ. ಮಾವನವರು ಮಾಡಿಸಿಕೊಟ್ಟದ್ದು ಅಂತ ಇಷ್ಟ ವರ್ಷ ಎದಿಗಪ್ಪಿ ಇಟ್ಕೊಂಡಾರ. ಅವರ ಮನಸ್ಸು ಮುರದು ನನ್ನ ಮಗಳಿಗೆ ತೊಟ್ಲ ಬ್ಯಾಡ."

ನಾನು ಹೂಂ ಎಂದೆ. ನಾನು ಹೂಂ ಎಂದದ್ದನ್ನು ಅವಳು ನಂಬಿದಳು, ಪಾಪ.

ತೊಟ್ಟಿಲನ್ನು ನನ್ನ ಕೋಣೆಯಲ್ಲಿ ಹಳೆಯ ಸೀರೆ ಮುಚ್ಚಿ ಅಡಗಿಸಿಟ್ಟೆವು. ಮುರಿದ ಕಡ್ಡಿಗೆ ಏನಾದರೂ ಮಾಡಲೇಬೇಕಿತ್ತು. ದಾಂಡೇಲಿಯ ಅಂಬೇವಾಡಿಯ ಬಡಿಗ ಗನಿಸಾಬರು ನಮ್ಮ ಮಾವನ ಕಾಲದಿಂದ ಪರಿಚಯ. ಈ ತೊಟ್ಟಿಲು ಮಾಡಿದವರೂ ಅವರೇ. ನಾಳೆಯ ಕಾರ್ಯಕ್ಕೆ ಹೇಗೂ ಬರುವವರಿದ್ದರು. ಫೋನು ಮಾಡಿ, "ಬರೂಮುಂದ ಸಾಗವಾನಿದು ಒಂದ ಕಡ್ಡಿ ತರ್ರಿ, ನಮ್ಮ ಸಾಗವಾನಿ ತೊಟ್ಲಕ್ಕ ಹೊಂದಬೇಕು ನೋಡ್ರಿ," ಎಂದೆ. ಆ ಕಡೆಯಿಂದ ಮುದುಕ ಬಹಳ ಹೊತ್ತು ಕೆಮ್ಮಿದರು. "ತರ್ತೇನ್ರೀ ಬಾಯಾರ," ಎಂದು ಫೋನು ಇಟ್ಟುಬಿಟ್ಟರು.

ಮರುದಿನ ಮನೆ ತುಂಬ ಹೆಂಗಸರು. ಒಲೆಯ ಮೇಲೆ ಗುಗ್ಗರಿ ಬೇಯುತ್ತಿತ್ತು. ಪಡಸಾಲೆಯ ನಡುವೆ ಸ್ಟೀಲ್ ತೊಟ್ಟಿಲು ಗುಲಾಬಿ ಬಲೂನು ಕಟ್ಟಿಕೊಂಡು ಐಸ್‌ಕ್ರೀಮಿನ ಗಾಡಿಯ ಹಾಗೆ ನಿಂತಿತ್ತು. ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೇಳಿದ ಕೂಡಲೆ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ನಮ್ಮ ಅತ್ತೆಗೆ ಹೆಣ್ಣುಮಕ್ಕಳಿಲ್ಲ. ಆದ್ದರಿಂದ ಆಚೆಮನೆಯ ಸಕ್ಕುಬಾಯಿ ತಾನೇ ಸೋದರತ್ತೆಯಾಗಿ ಮುಂದೆ ಬಂದು ಕೂತಿದ್ದಳು. ಅವಳ ಬಾಯಿಗೆ ಬೀಗವಿಲ್ಲ.

"ಏನ ಶಂಕ್ರೆವ್ವ, ನಿಮ್ಮ ಸಾಗವಾನಿ ತೊಟ್ಲ ಎಲ್ಲೈತಿ? ಓಣಿಗೆಲ್ಲಾ ಹೇಳ್ಕೋತ ತಿರಗತಿದ್ದಿ. ಇವತ್ತ ಯಾಕ ಈ ತಗಡಿನ್ದು?"

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಮೂಗುತಿ ಸರಿಮಾಡಿಕೊಂಡರು.

"ಅದು ಹೂ ಬಿಟ್ಟು ಕಾಯಾಗೂ ಮರದ ತೊಟ್ಲ. ಈ ಮನಿ ಬಳ್ಳಿಗೆ ಆದ ಕಾಯಿ ಮಲಗೂದು ಅದರಾಗ."

ನಿರ್ಮಲಾ ಕೂಸನ್ನು ಎದೆಗೊತ್ತಿಕೊಂಡು ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು. ಅಷ್ಟೇ, ನನ್ನ ಹೂಂ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಅತ್ತೀ, ಅದು ಹೂ ಬಿಡೋ ಮರ ಅಲ್ಲ. ಸಾಗವಾನಿನೂ ಅಲ್ಲ," ಎಂದೆ, ಅಡುಗೆಮನೆಯ ಬಾಗಿಲಿನಿಂದಲೇ, ಜೋರಾಗಿ.

ಅತ್ತೆ ನನ್ನ ಕಡೆ ಕತ್ತು ಹೊರಳಿಸಿದರು. "ಏನಂದಿ ಮಹಾದೇವಿ?"

"ನಿಮ್ಮ ಮಕ್ಕಳು, ನನ್ನ ಮಕ್ಕಳು, ಎಲ್ಲಾರೂ ಮಲಗಿದ್ದು ಹೂವಿಲ್ಲದ ಮರದಾಗ. ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲಂದ್ರ ನಿಮ್ಮ ಕಾಲೇಜಿನ ಸೊಸಿನ್ನ ಕೇಳ್ರಿ."

ಅತ್ತೆ ನಿರ್ಮಲಾಳ ಕಡೆ ತಿರುಗಿದರು. "ಖರೇನ?"

"ಬಿಡ್ರಿ ಅತ್ತೀ. ಇವತ್ತ ಬ್ಯಾಡ."

"ಯಾಕ ಬ್ಯಾಡ? ಸುಳ್ಳ ಇದ್ರ ಸುಳ್ಳ ಅನ್ನು, ಖರೆ ಇದ್ರ ತೋರಸು. ನಾ ಕಣ್ಣಿಲೆ ನೋಡದ ಯಾವುದನ್ನೂ ನಂಬಾಕಿ ಅಲ್ಲ."

ಅಷ್ಟರಲ್ಲಿ ಗನಿಸಾಬರು ಕೈಚೀಲ ಹಿಡಿದು ಬಂದರು. ಚೀಲದಲ್ಲಿ ಸಣ್ಣ ಗರಗಸ, ಹೊಸ ಸಾಗವಾನಿ ಕಡ್ಡಿ. ಪಡಸಾಲೆಯ ಮುಖಗಳನ್ನು ನೋಡಿ ಅಲ್ಲೇ ಹೊಸ್ತಿಲಲ್ಲಿ ನಿಂತರು. ನಾನು ಮುರಿದ ಕಡ್ಡಿಯನ್ನು ತಂದು ನಿರ್ಮಲಾಳ ಕೈಗೆ ಕೊಟ್ಟೆ. ಇನ್ನು ಅವಳಿಗೆ ಬೇರೆ ದಾರಿ ಇರಲಿಲ್ಲ. ಕೂಸನ್ನು ನನ್ನ ಕೈಗಿತ್ತು ಸೆರಗು ಸಿಕ್ಕಿಸಿದಳು. ಎರಡು ಕಡ್ಡಿಗಳಿಂದಲೂ ಹೆಬ್ಬೆರಳಿನಷ್ಟು ತುಂಡು ಕೊಯ್ಯಲು ಗನಿಸಾಬರಿಗೆ ಹೇಳಿದಳು. ಸಾಗವಾನಿಯಲ್ಲಿ ಹಳೆಯ ಕೆಂಪು ತಿರುಳು ಬೇಡ, ಅದರಲ್ಲಿ ಕೊಳವೆ ಮುಚ್ಚಿಕೊಂಡಿರಬಹುದು, ಅಂಚಿನ ಬಿಳಿ ಭಾಗವೇ ಬೇಕು ಎಂದಳು. ಬಟ್ಟಲಲ್ಲಿ ಸಾಬೂನಿನ ನೊರೆ ಮಾಡಿದಳು.

"ಹೂ ಬಿಡೋ ಮರದೊಳಗ ಕೊಳವಿ ಇರ್ತಾವ ಅತ್ತೀ. ಒಂದ ತುದಿಗೆ ನೊರಿ ಹಚ್ಚಿ ಇನ್ನೊಂದ ತುದಿಯಿಂದ ಊದಿದ್ರ ಗಾಳಿ ದಾಟಿ ಗುಳ್ಳಿ ಬರತಾವ. ಹೂವಿಲ್ಲದ ಸೂಜಿ ಎಲಿ ಮರದಾಗ ಗಾಳಿ ದಾಟೂದಿಲ್ಲ. ನಾ ಊದಿ ತೋರಸ್ತೇನಿ."

"ನೀ ಯಾಕ? ನಾನ ಊದ್ತೇನಿ. ತಾ ಇಲ್ಲೆ."

ಅತ್ತೆ ಮೊದಲು ಸಾಗವಾನಿಯ ತುಂಡು ತೆಗೆದುಕೊಂಡು ತುಟಿಗೆ ಒತ್ತಿ ಊದಿದರು. ಇನ್ನೊಂದು ತುದಿಯಲ್ಲಿ ನೊರೆ ಕುದಿಯುವ ಅನ್ನದ ಹಾಗೆ ಗುಳುಗುಳು ಎದ್ದಿತು. ಹುಡುಗರೆಲ್ಲ ಹೋ ಎಂದು ಕೂಗಿದರು. ಅತ್ತೆಯ ಮುಖ ಅರಳಿತು. "ಸಾಗವಾನಿ ಅಂದ್ರ ಸಾಗವಾನಿ!" ಎಂದರು, ತಾವೇ ಬೆಳೆಸಿದವರ ಹಾಗೆ.

ಆಮೇಲೆ ತೊಟ್ಟಿಲಿನ ತುಂಡು. ಊದಿದರು. ನೊರೆ ಅಲುಗಲಿಲ್ಲ. ತುಂಡನ್ನು ತಿರುಗಿಸಿ, ನೊರೆಯನ್ನು ತಾವೇ ಹೊಸದಾಗಿ ಹಚ್ಚಿ, ಕತ್ತಿನ ನರ ಉಬ್ಬುವ ತನಕ ಊದಿದರು. ಒಂದು ಗುಳ್ಳೆಯೂ ಬರಲಿಲ್ಲ. ಸಕ್ಕುಬಾಯಿ ನಗಲು ಬಾಯಿ ತೆರೆದಳು. ನಾನು ನೋಡಿದ ನೋಟಕ್ಕೆ ಮುಚ್ಚಿದಳು.

ಅತ್ತೆ ಆ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರು. ಒಮ್ಮೆಲೇ ಬಹಳ ಮುದುಕಿಯಾದ ಹಾಗೆ ಕಂಡರು. ನನಗೆ ನನ್ನ ನಾಲಿಗೆಯ ಮೇಲೆ ಸಿಟ್ಟು ಬಂತು.

"ಅವರು ನನಗ ಸುಳ್ಳ ಹೇಳಿದ್ರು," ಎಂದರು, ಯಾರಿಗೂ ಅಲ್ಲ.

ಹೊಸ್ತಿಲಲ್ಲಿದ್ದ ಗನಿಸಾಬರು ಟೋಪಿ ಸರಿಮಾಡಿಕೊಂಡು ಒಳಗೆ ಬಂದರು. "ಅಕ್ಕಾರ, ಪೂರಾ ಕೇಳ್ರಿ. ನಾ ಮೊದ್ಲ ಸಾಗವಾನಿದ ಮಾಡಿದ್ದೆ. ಯಜಮಾನ್ರು ಬಂದು ಎತ್ತಿ ನೋಡಿ ಕೆಳಗಿಟ್ರು. 'ಗನೀ, ನಾ ವಾರಗಟ್ಲೆ ಸೂಪಾದಾಗ ಇರಾವ. ಬಾಣಂತಿ ಒಬ್ಬಾಕಿ. ಪಡಸಾಲಿ ಕೊಂಡಿಯಿಂದ ಅಡಗಿಮನಿ ಕೊಂಡಿಗೆ ಇದನ್ನ ಹೊತ್ಕೊಂಡು ತಿರಗಿದ್ರ ಆಕಿ ನಡಾ ಏನಾಗಬೇಕು? ಹಗುರಂದು ಮಾಡು' ಅಂದ್ರು. ಸೂಪಾಕ ಪರದೇಶದಿಂದ ಮಶೀನು ಬಂದಿದ್ವು, ಆ ಪೆಟಗಿ ಹಲಗಿ ಇವು. ಅವರ ಆರಿಸಿ ತಂದಿದ್ರು. 'ಆಕಿ ಸಾಗವಾನಿ ಅಂತ ಹಟ ಹಿಡದಾಳ, ನೀ ಬಾಯಿ ಬಿಡಬ್ಯಾಡ' ಅಂದ್ರು. ಇಷ್ಟ ವರ್ಷ ಬಿಟ್ಟಿಲ್ಲ ನೋಡ್ರಿ."

ಅತ್ತೆಯ ತುಟಿ ಅದುರಿತು. ಅಳುತ್ತಾರೆ ಎಂದುಕೊಂಡೆ. ಇಲ್ಲ, ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆಯಿಂದ.

"ಅದಕ್ಕ ಒಂದ ಕೈಲೆ ಬರತಿತ್ತು! ನಾ ನನ್ನ ರಟ್ಟಿ ಬಲ ಅನಕೊಂಡಿದ್ದೆ!"

ಪಡಸಾಲೆ ತುಂಬ ನಗು ಎದ್ದಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ತಮ್ಮ ಮಕ್ಕಳನ್ನು ನೋಡಿದರು. ಬಾಗಿಲಿಗೊರಗಿ ನಿಂತ ಈರೇಶ, ಬಲೂನಿನ ಪಕ್ಕ ನಿಂತ ರುದ್ರೇಶ. ಆಮೇಲೆ ನನ್ನ ಹುಡುಗರನ್ನು. ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ.

"ನಿರ್ಮಲಾ, ಹೂವಿಲ್ಲ, ಕಾಯಿಲ್ಲ ಅಂತಿ. ಹಂಗಾರ ಆ ಮರದ ವಂಶ ಹೆಂಗ ಬೆಳೀತೈತಿ?"

ನಿರ್ಮಲಾ ನನ್ನ ಕೈಯಿಂದ ಮಗಳನ್ನು ತೆಗೆದುಕೊಂಡಳು. "ಬೀಜ ಐತಿ ಅತ್ತೀ. ಹೂ ಬಿಡೋ ಮರ ತನ್ನ ಬೀಜಾನ ಕಾಯಿಯೊಳಗ ಮುಚ್ಚಿ ಇಡತೈತಿ. ಇದು ಮರದಂಥ ಚಿಪ್ಪಿನ ಮ್ಯಾಲೆ ಬರೇ ಬೀಜಾನ ಹೊರತೈತಿ. ಗಾಳಿ ಎಲ್ಲಿಂದಲೋ ಪರಾಗ ಹೊತ್ತು ತರತೈತಿ. ಅದು ಬಂದಾಗ ಚಿಪ್ಪು ತೆರಕೊಂಡು ಒಳಗ ತಗೋತೈತಿ. ಆಮ್ಯಾಲೆ ಚಿಪ್ಪು ಮುಚ್ಚಿ, ಒಂದ ಮಳಿಗಾಲ ಅಲ್ಲ, ಎರಡ ಮಳಿಗಾಲ ಬೇಕಾದ್ರೂ ಜ್ವಾಕಿ ಮಾಡತೈತಿ. ಭೂಮಿ ಮ್ಯಾಲೆ ಹೂವು ಹುಟ್ಟೂಕಿಂತ ಎಷ್ಟೋ ಮೊದಲಿನಿಂದ ಹಂಗ ಬೆಳಕೋತ ಬಂದೈತಿ. ಗುಡ್ಡ ಗುಡ್ಡ ತುಂಬೇತಿ ಅತ್ತೀ."

ಕೂಸು ಕೈ ಚಾಚಿ ಅತ್ತೆಯ ಮೂಗುತಿಗೆ ಗುರಿಯಿಟ್ಟಿತು.

ಅತ್ತೆ ಎದ್ದು ನಿಂತರು. "ರುದ್ರ್ಯಾ, ಆ ಬಲೂನಿನ ತೊಟ್ಲ ಅಂಗಳದಾಗ ಇಡು. ಗನಿಸಾಬ, ಕಡ್ಡಿ ಕೂಡಸ್ರಿ, ಸಾಗವಾನಿದೂ ಒಂದ ಇರಲಿ. ನನ್ನ ತೊಟ್ಲ ಎಲ್ಲೈತಿ?"

ನಾನು ನನ್ನ ಕೋಣೆಯ ಕಡೆ ಕೈ ತೋರಿಸಿದೆ. ತರಲು ಈರೇಶ ಹೊರಟ. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿ ತಾವೇ ಒಳಗೆ ಹೋದರು. ಗನಿಸಾಬರು ಕಡ್ಡಿ ಕೂಡಿಸಿದ ಮೇಲೆ ಒಂದೇ ಕೈಯಲ್ಲಿ ತೊಟ್ಟಿಲನ್ನು ಎತ್ತಿ ಹಿಡಿದು ಪಡಸಾಲೆಗೆ ತಂದು, ಮಾವ ಹಾಕಿಸಿದ ಹಳೆಯ ಕೊಂಡಿಗೆ ಸರಪಳಿ ಸಿಕ್ಕಿಸಿದರು. ಹಸಿರು ಬಣ್ಣದ ತೊಟ್ಟಿಲಿನಲ್ಲಿ ಕೆಂಪು ಕಡ್ಡಿಗಳ ನಡುವೆ ಒಂದು ಬಣ್ಣವಿಲ್ಲದ ಹೊಸ ಕಡ್ಡಿ. ಕೂಸನ್ನು ನಿರ್ಮಲಾಳ ಕೈಯಿಂದ ಇಸಿದುಕೊಂಡು ತಾವೇ ಮಲಗಿಸಿದರು. ರುದ್ರೇಶ ಫೋಟೋ ತೆಗೆಯಲು ಮೊಬೈಲು ಹಿಡಿದಿದ್ದ. ನಿರ್ಮಲಾ ಅಳುತ್ತಲೇ ನಗುತ್ತಿದ್ದಳು.

ಹೆಸರು ಹೇಳಲು ಸಕ್ಕುಬಾಯಿ ಸೆರಗು ಸರಿಮಾಡಿಕೊಂಡು ಬಗ್ಗಿದಳು. ಅತ್ತೆ ಅವಳ ಭುಜ ಹಿಡಿದು ಹಿಂದೆ ಎಳೆದರು. "ನೀ ಅತ್ಲಾಗ ಸರಿ. ಸೋದರತ್ತಿ ಇಲ್ಲದ ಮನ್ಯಾಗ ಅಜ್ಜಿ ಹೇಳಿದ್ರ ನಡೀತೈತಿ."

ಅತ್ತೆಗೆ ಗುಟ್ಟು ಹೇಳುವುದು ಹುಟ್ಟಿನಿಂದಲೇ ಗೊತ್ತಿಲ್ಲ. ಕೂಸಿನ ಕಿವಿಯಲ್ಲಿ ಅವರು ಹೇಳಿದ ಹೆಸರು ಅಂಗಳದಲ್ಲಿದ್ದ ಗಂಡಸರಿಗೂ ಕೇಳಿಸಿತು.

"ಶಾಂತಾದೇವಿ."

ಅಷ್ಟು ವರ್ಷ ಕಾದು ಕೂತಿದ್ದ ಹೆಸರು. ನಿರ್ಮಲಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾವು ಗೆದ್ದಿದ್ದೆವು.

ಇನ್ನು ಗುದ್ದು. ಯಾರೂ ಮುಂದೆ ಬರಲಿಲ್ಲ. ಶಂಕ್ರೆವ್ವನ ಬೆನ್ನಿಗೆ ಗುದ್ದುವ ಗುಂಡಿಗೆ ಈ ಓಣಿಯಲ್ಲಿ ಯಾರಿಗಿದೆ? ಅತ್ತೆ ತೊಟ್ಟಿಲಿನ ಮೇಲೆ ಬಗ್ಗಿದವರು ಬಗ್ಗಿಯೇ ನಿಂತು, ತಿರುಗದೆ ಕೇಳಿದರು.

"ಏನ, ಪದ್ಧತಿ ಮರತ್ರೇನ ಎಲ್ಲಾರೂ? ಗುದ್ದದ ಬಿಟ್ರ ಹೆಸರು ನಿಲ್ಲೂದಿಲ್ಲ."

ನಾನು ಬಳೆ ಹಿಂದಕ್ಕೆ ಸರಿಸಿದೆ. ನಿರ್ಮಲಾಳನ್ನೂ ರಟ್ಟೆ ಹಿಡಿದು ಎಳೆದುಕೊಂಡೆ. ಗ್ಯಾಸಿನ ಸಿಲಿಂಡರ್ ನೆನಪಾಯಿತು, ಅದರ ಜೊತೆ ಇನ್ನೂ ಬಹಳಷ್ಟು ನೆನಪಾಯಿತು. ಸೊಸೆಯಾಗಿ ಬಂದ ದಿನದಿಂದ ಒಳಗೆ ಜೋಪಾನವಾಗಿ ಇಟ್ಟುಕೊಂಡಿದ್ದ ಗುದ್ದನ್ನು ಅತ್ತೆಯ ಬೆನ್ನಿಗೆ ಧೊಪ್ಪೆಂದು ಹಾಕಿದೆ. ಅತ್ತೆ "ಅಯ್ಯಯ್ಯೋ, ಸತ್ತೆ!" ಎಂದು ಕೂಗಿ ನಕ್ಕರು. ತೊಟ್ಟಿಲಲ್ಲಿ ಶಾಂತಾದೇವಿ ಆ ಸಪ್ಪಳಕ್ಕೆ ಕಾಲು ಬಡಿದು ಕೇಕೆ ಹಾಕಿದಳು. ನಾನು ಇನ್ನೊಂದು ಗುದ್ದಿದೆ.